‘ಅರ್ಥವಾಯಿತು’ ಎಂದದ್ದು ಯಂತ್ರ, ಮೆಮೊ ಬಂದದ್ದು ಲಲಿತಮ್ಮನಿಗೆ

ನಾನು ಸರ್ಕಾರಿ ಕೆಲಸದಿಂದ ನಿವೃತ್ತಳಾಗಲು ಇನ್ನು ಹದಿನಾಲ್ಕು ತಿಂಗಳು ಬಾಕಿ ಇತ್ತು. ಬಹಳ ಹಿಂದಿನ ಮಾತಲ್ಲ. ಎಲ್ಲರ ಕೈಗೂ ಸ್ಮಾರ್ಟ್‌ಫೋನ್ ಬಂದು, ಆ ಫೋನೇ ತಿರುಗಿ ನಮ್ಮೊಡನೆ ಮಾತಾಡಲು ಶುರುಮಾಡಿದ ಈಚಿನ ವರ್ಷಗಳದ್ದು. ಆಗ ಸೊರಬ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿದ್ದೆ. ಮನೆ ಶಿಕಾರಿಪುರದಲ್ಲಿ. ಬೆಳಿಗ್ಗೆ ಏಳೂವರೆ ಬಸ್ಸಿಗೆ ಹೊರಟು ಸಂಜೆ ಆರೂವರೆಗೆ ಮನೆ ಸೇರುವುದು ಇಪ್ಪತ್ತೆರಡು ವರ್ಷದ ರೂಢಿ. ಆ ಕೇಂದ್ರದ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ಬರೆಯುವುದಿಲ್ಲ, ಕುಪ್ಪಗಡ್ಡೆಯಿಂದ ಆಚೆ ಎಂದಿಟ್ಟುಕೊಳ್ಳಿ. ಹೆದರಿಕೆಯಿಂದಲ್ಲ. ಆ ಊರಿನವರದ್ದು ಏನೂ ತಪ್ಪಿಲ್ಲದಿರುವಾಗ ಅವರ ಹೆಸರು ಯಾಕೆ ಎಳೆಯಬೇಕು ಎಂದು.

ನನ್ನ ಕೈಕೆಳಗೆ ಒಂಬತ್ತು ಊರುಗಳ ಆಶಾ ಕಾರ್ಯಕರ್ತೆಯರು ಇದ್ದರು. ಮನೆಮನೆಗೆ ಹೋಗಿ ಬಸುರಿ ಬಾಣಂತಿಯರನ್ನು, ಜ್ವರ ಬಂದವರನ್ನು ನೋಡಿ ಬರುವವರು ಇವರೇ. ದಿನವೂ ಮಧ್ಯಾಹ್ನ ನಾಲ್ಕು ಗಂಟೆಗೆ ಒಬ್ಬೊಬ್ಬರಾಗಿ ನನಗೆ ಫೋನ್ ಮಾಡಬೇಕು, ಇದು ನಾನೇ ಮಾಡಿಕೊಂಡಿದ್ದ ಕ್ರಮ. ಜ್ವರದ ಲೆಕ್ಕದಿಂದ ಶುರುವಾದ ಮಾತು ಯಾರ ಮನೆಗೆ ನೆಂಟರು ಬಂದರು, ಯಾರು ತೌರಿಗೆ ಹೋದರು ಎನ್ನುವವರೆಗೂ ಹೋಗುತ್ತಿತ್ತು. ನಾನು ತಡೆಯುತ್ತಿರಲಿಲ್ಲ. ನೆಂಟರ ಜೊತೆ ಜ್ವರವೂ ಬರುತ್ತದೆ, ತೌರಿಗೆ ಹೋದ ಬಸುರಿ ಚುಚ್ಚುಮದ್ದು ತಪ್ಪಿಸುತ್ತಾಳೆ. ಕೇಳಿದ್ದನ್ನು ಉದ್ದ ನೋಟ್‌ಬುಕ್ಕಿನಲ್ಲಿ ಹೆಸರು, ಗಂಟೆ ಹಾಕಿ ಬರೆದಿಡುತ್ತಿದ್ದೆ. ಸಹೋದ್ಯೋಗಿಗಳು ಅದಕ್ಕೆ ‘ಸರೋಜಾ ಮೇಡಂ ಅವರ ಹರಟೆ ಪುಸ್ತಕ’ ಎಂದು ಹೆಸರಿಟ್ಟಿದ್ದರು.

ಆ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ಹೊಸ ಆ್ಯಪ್ ಬಂತು. ಯಾವುದೋ ಕಂಪನಿಯದು, ನಮ್ಮ ಕಡೆ ಪ್ರಯೋಗಕ್ಕೆಂದು ತಂದಿದ್ದರು. ಕಾರ್ಯಕರ್ತೆಯರು ಫೋನಿನಲ್ಲಿ ತಮ್ಮ ಮಾತಿನಲ್ಲೇ ಹೇಳಿದರೆ ಸಾಕು, ಕಂಪ್ಯೂಟರ್ ಅದನ್ನು ಕೇಳಿ, ತಿಳಿದುಕೊಂಡು, ಸಾರಾಂಶ ಬರೆದು, ಅಪಾಯವಿದ್ದರೆ ಕೆಂಪು, ಇಲ್ಲದಿದ್ದರೆ ಹಸಿರು ಬಣ್ಣ ಹಚ್ಚಿ ನನ್ನ ಫೋನಿಗೆ ಕಳಿಸುತ್ತದೆ. ತರಬೇತಿಗೆ ಬಂದಿದ್ದ ಎಂಜಿನಿಯರ್ ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು, ಮಾತು ಬಹಳ ಮೃದು. ‘ಇದು ಬರೀ ಟೈಪ್ ಮಾಡೋ ಸಾಫ್ಟ್‌ವೇರ್ ಅಲ್ಲ ಮೇಡಂ, ಇದಕ್ಕೆ ಅರ್ಥ ಆಗುತ್ತೆ’ ಎಂದರು. ನಮ್ಮ ಆಶಾ ಕಾರ್ಯಕರ್ತೆಯರಲ್ಲೊಬ್ಬಳಾದ ಲಲಿತಮ್ಮ ಪರೀಕ್ಷೆಗೆಂದು ಎರಡು ಮಾತು ಹೇಳಿದಳು. ಫೋನಿನೊಳಗಿಂದ ಒಂದು ಹೆಣ್ಣುದನಿ ಇಂಪಾಗಿ ಉತ್ತರ ಕೊಟ್ಟಿತು: ‘ನಿಮ್ಮ ಮಾತು ಅರ್ಥವಾಯಿತು. ಧನ್ಯವಾದ.’ ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ.

ನಾಲ್ಕು ಗಂಟೆಯ ಫೋನ್ ನಿಲ್ಲಿಸಿ ಎಂದು ಮೇಲಿನ ಕಚೇರಿಯಿಂದ ಸೂಚನೆ ಬಂತು. ಒಂದೇ ಮಾಹಿತಿ ಎರಡು ಕಡೆ ಹೋದರೆ ಗೊಂದಲವಂತೆ. ನಿಜ ಹೇಳಬೇಕೆಂದರೆ ನನಗೆ ಹಗುರವೇ ಆಯಿತು. ನಾಲ್ಕರಿಂದ ಐದರವರೆಗೆ ಕಿವಿಗೆ ಫೋನ್ ಒತ್ತಿಕೊಂಡು ಕೂರುವ ಕೆಲಸ ತಪ್ಪಿತಲ್ಲ ಎಂದುಕೊಂಡೆ. ಇದನ್ನು ಮುಚ್ಚಿಟ್ಟರೆ ಉಳಿದದ್ದನ್ನು ಹೇಳುವ ಯೋಗ್ಯತೆ ನನಗಿರುವುದಿಲ್ಲ.

ಇಲ್ಲಿ ಮಂಗನ ಕಾಯಿಲೆಯ ಬಗ್ಗೆ ನಾಲ್ಕು ಮಾತು ಹೇಳಬೇಕು. ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಈ ಕಾಯಿಲೆಗಿರುವ ಹೆಸರೇ ನಮ್ಮ ಸೊರಬ ತಾಲ್ಲೂಕಿನ ಒಂದು ಕಾಡಿನದು. ಇದನ್ನು ಹರಡುವುದು ಉಣ್ಣೆ ಎಂಬ ಸಣ್ಣ ಹುಳ. ಕಾಯಿಲೆಯಿಂದ ಮಂಗ ಸತ್ತು ಮೈ ತಣ್ಣಗಾದರೆ ಅದರ ಮೇಲಿದ್ದ ಉಣ್ಣೆಗಳು ಇಳಿದು ಬೇರೊಂದು ಬಿಸಿ ಮೈ ಹುಡುಕುತ್ತವೆ. ಹತ್ತಿರ ಹೋದವರಿಗೆ ಹತ್ತಿದರೆ ಮೂರರಿಂದ ಎಂಟು ದಿನದೊಳಗೆ ಜ್ವರ ಏರುತ್ತದೆ. ಕೆಲವರಿಗೆ ಒಸಡಿನಿಂದ, ಮೂಗಿನಿಂದ ರಕ್ತ ಬರುತ್ತದೆ, ಕೆಲವರು ಉಳಿಯುವುದಿಲ್ಲ. ಅದಕ್ಕೇ ಎಲ್ಲಾದರೂ ಮಂಗ ಸತ್ತಿದೆ ಎಂದು ತಿಳಿದ ಕೂಡಲೇ ಪಶುವೈದ್ಯರು ಬಂದು ಮಾದರಿ ತೆಗೆದುಕೊಂಡು ದೇಹವನ್ನು ಸುಡಿಸಬೇಕು, ಸುತ್ತ ಐವತ್ತು ಮೀಟರ್ ಕೀಟನಾಶಕ ಪುಡಿ ಹಾಕಿಸಬೇಕು, ಉಣ್ಣೆ ಹತ್ತದಂತೆ ಕೈಕಾಲಿಗೆ ಹಚ್ಚುವ ಎಣ್ಣೆ ಹಂಚಬೇಕು, ಮುಟ್ಟಿದವರ ಮೇಲೆ ಕಣ್ಣಿಡಬೇಕು. ಒಂದು ದಿನ ತಡವಾದರೆ ಕೆಡುಕೂ ಅಷ್ಟು ಹೆಚ್ಚು.

ಆದರೆ ನಮ್ಮ ಊರುಗಳಲ್ಲಿ ಸತ್ತ ಮಂಗವನ್ನು ಹೆಣದಂತೆ ಬಿಟ್ಟು ಯಾರೂ ದೂರ ನಿಲ್ಲುವುದಿಲ್ಲ. ಅದು ಹನುಮಂತನ ಅಂಶ. ಮೈತೊಳೆಸಿ, ಕುಂಕುಮ ಇಟ್ಟು, ಹೊಸ ಬಟ್ಟೆ ಹೊದೆಸಿ, ಮನೆಯ ಹಿರಿಯರಿಗೆ ಮಾಡುವ ಹಾಗೆ ಮಣ್ಣು ಮಾಡುತ್ತಾರೆ. ಹನ್ನೊಂದನೇ ದಿನ ಊಟ. ‘ಮಂಗ ಸತ್ತಿತು’ ಎಂದು ಬಾಯಿಬಿಟ್ಟು ಹೇಳುವುದೂ ಕಡಿಮೆ, ಅವರ ಮನಸ್ಸಿಗೆ ಅದು ಸಲ್ಲದು. ಎಷ್ಟು ತಿಳಿಹೇಳಿದರೂ ಮುಟ್ಟುವವರು ಮುಟ್ಟುತ್ತಾರೆ. ಇದನ್ನು ಮೂಢನಂಬಿಕೆ ಎಂದು ಬೈದು ಸುಮ್ಮನಾಗುವವರಿದ್ದಾರೆ. ನಾನು ಬೈಯುವವಳಲ್ಲ. ಕಾಡಿನ ಒಂದು ಜೀವಕ್ಕೆ ಇಷ್ಟು ಗೌರವ ಕೊಡುವವರನ್ನು ಉಳಿಸಿಕೊಳ್ಳುವುದೇ ನಮ್ಮ ಕೆಲಸವಾಗಿತ್ತು.

ನಾಲ್ಕು ಗಂಟೆಯ ಫೋನ್ ನಿಂತ ಮೇಲೆ ಒಂದು ಸೋಮವಾರ ಲಲಿತಮ್ಮ ಆ್ಯಪ್‌ಗೆ ಹೇಳಿದ ಮಾತು ಅವಳ ಫೋನಿನಲ್ಲಿ ಇವತ್ತಿಗೂ ಇದೆ. ನನಗೆ ಬಾಯಿಪಾಠವಾಗಿದೆ:

‘ಇವತ್ತು ಬೆಳಿಗ್ಗೆ ನಮ್ಮೂರಾಗೆ ಮಂಗನ ಸಂಸ್ಕಾರ ಆತು. ಆಂಜನೇಯನ ಗುಡಿ ಹಿಂದ್ಗಡೆ ಬಿದ್ದಿತ್ತು. ಊರೋರೆಲ್ಲ ಬಂದಿದ್ರು. ಕೆರಿಯಪ್ಪಣ್ಣನೇ ಮೈತೊಳೆಸಿ, ಹೊಸ ಟವಲ್ ಹೊದೆಸಿ, ಎತ್ಕಂಡು ಹೋಗಿ ಮಣ್ಣು ಮಾಡಿದ. ಹನ್ನೊಂದನೇ ದಿನಕ್ಕೆ ಊಟ ಇಟ್ಕಂಡಾರೆ. ಆಮೇಲೆ, ಮಂಜಪ್ಪನ ಸೊಸೆಗೆ ಏಳು ತಿಂಗಳು ತುಂಬ್ತು, ಬಿಪಿ ನೋಡ್ಬೇಕು.’

‘ನಿಮ್ಮ ಮಾತು ಅರ್ಥವಾಯಿತು. ಧನ್ಯವಾದ’ ಎಂದಿತು ಆ್ಯಪ್. ನನ್ನ ಫೋನಿಗೆ ಬಂದ ಸಾರಾಂಶ ಹೀಗಿತ್ತು: ‘ಗ್ರಾಮದಲ್ಲಿ ಧಾರ್ಮಿಕ ಸಂಸ್ಕಾರ ಕಾರ್ಯಕ್ರಮ ನಡೆಯಿತು. ಹನ್ನೊಂದನೇ ದಿನ ಸಾಮೂಹಿಕ ಭೋಜನವಿದ್ದು, ಆಹಾರ ಶುಚಿತ್ವದ ಬಗ್ಗೆ ತಿಳಿವಳಿಕೆ ನೀಡಬಹುದು. ಒಬ್ಬ ಗರ್ಭಿಣಿಗೆ ರಕ್ತದೊತ್ತಡ ಪರೀಕ್ಷೆ ಅಗತ್ಯ. ಇತರ ಆರೋಗ್ಯ ಅಪಾಯ: ಇಲ್ಲ.’ ಬಣ್ಣ ಹಸಿರು.

ಎಷ್ಟು ಚೊಕ್ಕ ಕನ್ನಡ ನೋಡಿ. ಒಂದು ಅಕ್ಷರ ತಪ್ಪಿಲ್ಲ. ನಾನು ಆ ದಿನ ಹೀಗೇ ಬಂದ ಒಂಬತ್ತು ಹಸಿರುಗಳ ಮೇಲೆ ಬೆರಳಾಡಿಸಿ, ಮಂಜಪ್ಪನ ಸೊಸೆಯ ಹೆಸರು ಬರೆದುಕೊಂಡು ಬಸ್ಸು ಹತ್ತಿದೆ. ಮೂಲ ಧ್ವನಿ ಕೇಳಲು ಪಕ್ಕದಲ್ಲೇ ಒಂದು ಗುಂಡಿ ಇತ್ತು. ಒತ್ತಲಿಲ್ಲ.

ಭಾನುವಾರ ಬೆಳಿಗ್ಗೆ ಲಲಿತಮ್ಮ ನೇರ ನನಗೇ ಫೋನ್ ಮಾಡಿದಳು. ಕೆರಿಯಪ್ಪನಿಗೆ ಎರಡು ದಿನದಿಂದ ಜ್ವರ, ಅಂಗಡಿ ಮಾತ್ರೆಗೆ ಇಳಿದಿಲ್ಲ, ಹಲ್ಲುಜ್ಜುವಾಗ ರಕ್ತ ಬಂತು ಎಂದಳು. ಕೆರಿಯಪ್ಪ ಐವತ್ತೆರಡರ ರೈತ, ಗುಡಿಯ ಕಸ ಗುಡಿಸಿ ದೀಪ ಹಚ್ಚುವುದೂ ಅವನೇ. ನಾನು ರೂಢಿಯಂತೆ, ‘ಹೋದ ವಾರ ಕಾಡಿಗೆ ಹೋಗಿದ್ನಾ?’ ಎಂದೆ.

‘ಕಾಡಿಗೆಲ್ಲಿ ಸಿಸ್ಟರ್. ಮಂಗನ್ನ ಎತ್ಕಂಡು ಹೋಗಿದ್ನಲ್ಲ, ಸೋಮವಾರ ಹೇಳಿದ್ನಲ್ಲ ನಾನು.’

‘ಯಾರಿಗೆ ಹೇಳಿದ್ದಿ?’ ಎಂದೆ.

‘ಅದಕ್ಕೇ, ಫೋನಿಗೆ. ನಿಮಗೆ ಹೇಳಿದಂಗೇ ಹೇಳ್ದೆ. ಅರ್ಥ ಆತು ಅಂತ ಹೇಳ್ತಲ್ಲ ಅದು.’

ಅರ್ಥವಾಯಿತು ಎಂದವರನ್ನು ನಂಬುವುದು ತಪ್ಪೇ? ನಾನು ಹಾಗೆ ಹೇಳಿದ್ದರೆ ಅವಳು ನಂಬುತ್ತಿರಲಿಲ್ಲವೇ? ಅವಳು ಆರು ದಿನ ಪುಡಿ ಹಾಕುವವರ ದಾರಿ ಕಾದಿದ್ದಾಳೆ. ಬಾರದಿದ್ದಾಗ, ಸರ್ಕಾರಿ ಕೆಲಸ, ತಡವಾಗಬಹುದು ಎಂದುಕೊಂಡಿದ್ದಾಳೆ.

ಒಂದು ಗಂಟೆಯೊಳಗೆ ಆಂಬುಲೆನ್ಸ್ ಕಳಿಸಿದೆವು. ಶಿವಮೊಗ್ಗಕ್ಕೆ ಸೇರಿಸುವಾಗ ಕೆರಿಯಪ್ಪನ ಮೂಗಿನಿಂದ ರಕ್ತ ಬರುತ್ತಿತ್ತು. ರಕ್ತಪರೀಕ್ಷೆಯಲ್ಲಿ ಮಂಗನ ಕಾಯಿಲೆ ಎಂದು ಖಚಿತವಾಯಿತು. ಸಂಸ್ಕಾರಕ್ಕೆ ಹೋದವರಲ್ಲಿ ಇನ್ನಿಬ್ಬರಿಗೆ ಜ್ವರ ಬಂದಿತ್ತು, ಬೇಗ ಇಳಿಯಿತು. ಕೆರಿಯಪ್ಪ ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದ. ನಡುವೆ ನಾಲ್ಕು ದಿನ ಅವನಿಗೆ ಹೆಂಡತಿಯ ಗುರುತೂ ಸಿಗಲಿಲ್ಲ. ಬದುಕಿಕೊಂಡ. ಆದರೆ ದೀಪಕ್ಕೆ ಬತ್ತಿ ಹೊಸೆಯಲು ಕೂತರೆ ಅವನ ಕೈ ಇವತ್ತಿಗೂ ನಡುಗುತ್ತದೆ.

ಅವನಿನ್ನೂ ಹಾಸಿಗೆಯಲ್ಲಿದ್ದಾಗಲೇ ಲಲಿತಮ್ಮನ ಕೈಗೆ ಮೆಮೊ ಬಂತು. ‘ಕೋತಿ ಸಾವಿನ ಮಾಹಿತಿಯನ್ನು ನಿಗದಿತ ರೀತಿಯಲ್ಲಿ ಸ್ಪಷ್ಟವಾಗಿ ವರದಿ ಮಾಡದೆ ಕರ್ತವ್ಯಲೋಪ ಎಸಗಿರುವುದರಿಂದ ತಮ್ಮನ್ನು ಕೆಲಸದಿಂದ ಏಕೆ ಬಿಡುಗಡೆಗೊಳಿಸಬಾರದು ಎಂಬುದಕ್ಕೆ ಮೂರು ದಿನದೊಳಗೆ ಸಮಜಾಯಿಷಿ ನೀಡತಕ್ಕದ್ದು.’ ಗಂಡ ತೀರಿಹೋಗಿ ಎಂಟು ವರ್ಷವಾದ, ಹನ್ನೊಂದು ವರ್ಷದಲ್ಲಿ ಒಂದು ದಿನವೂ ಭೇಟಿ ತಪ್ಪಿಸದ ಹೆಂಗಸು ಅವಳು. ಅದಕ್ಕಿಂತ ಹೆಚ್ಚಾಗಿ, ಕೆರಿಯಪ್ಪನ ಮನೆಯವರು ಅವಳನ್ನು ನೋಡಿ ಮುಖ ತಿರುಗಿಸಲು ಶುರುಮಾಡಿದ್ದರು. ಇವಳು ಹೇಳದೆ ಹೋಗಿದ್ದಕ್ಕೇ ಹೀಗಾಯಿತು ಎಂದು ಊರಲ್ಲಿ ಮಾತಾಗಿತ್ತು. ಕೆಲಸ ಹೋದರೆ ಆ ಮಾತೇ ನಿಜವಾಗಿ ಉಳಿಯುತ್ತಿತ್ತು. ಹಾಗಾಗಲು ಬಿಡುವುದಿಲ್ಲ ಎಂದು ನಾನು ಹಟ ಹಿಡಿದೆ.

ವಿಚಾರಣೆ ಸೊರಬದ ಒಂದು ಸಭಾಂಗಣದಲ್ಲಿ ನಡೆಯಿತು. ಮೇಲಿನ ಅಧಿಕಾರಿ, ಆ ಎಂಜಿನಿಯರ್, ಲಲಿತಮ್ಮ, ನಾನು. ಬಾಗಿಲ ಬಳಿ ಅಟೆಂಡರ್ ಶೇಖರಪ್ಪ ನಿಂತಿದ್ದರು. ಅಧಿಕಾರಿ ಕೆಟ್ಟ ಮನುಷ್ಯರೇನಲ್ಲ, ಆದರೆ ಫೈಲ್ ಬೇಗ ಮುಗಿಯಬೇಕೆಂಬ ಅವಸರ ಅವರಿಗಿತ್ತು. ಎಂಜಿನಿಯರ್ ಲ್ಯಾಪ್‌ಟಾಪ್ ತೆರೆದು ಧ್ವನಿಯನ್ನು ಅಕ್ಷರಕ್ಕೆ ಇಳಿಸಿದ್ದನ್ನು ತೋರಿಸಿದರು. ಅದರಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಮಂಗ, ಗುಡಿ, ಟವಲ್, ಮಣ್ಣು, ಒಂದೂ ಬಿಟ್ಟುಹೋಗಿರಲಿಲ್ಲ.

‘ಸಿಸ್ಟಮ್ ಪ್ರತಿಯೊಂದು ಪದಾನೂ ಸರಿಯಾಗಿ ಹಿಡಿದಿದೆ ಸರ್. ಆದರೆ ಪ್ರಾಣಿ ಸತ್ತಿದೆ ಅಂತ ಇವರು ಎಲ್ಲೂ ಹೇಳಿಲ್ಲ’ ಎಂದರು ಆಕೆ.

ನಾನು ಎದ್ದು ನಿಂತೆ. ಕೂತು ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ‘ಮಣ್ಣು ಮಾಡಿದ್ರು ಅಂದ ಮೇಲೆ ಸತ್ತಿದೆ ಅಂತ ಬೇರೆ ಹೇಳ್ಬೇಕೇನ್ರೀ? ಬದುಕಿರೋದನ್ನ ಯಾರು ಹೂಳ್ತಾರೆ?’ ಎಂದೆ. ನಾನು ಲಲಿತಮ್ಮನ ಫೋನ್ ಇಸಿದುಕೊಂಡು, ಶೇಖರಪ್ಪನವರನ್ನು ಒಳಗೆ ಕರೆದೆ. ಏಳನೇ ಕ್ಲಾಸಿನವರೆಗೆ ಓದಿದವರು, ಈ ಪ್ರಕರಣದ ತಲೆಬುಡ ಗೊತ್ತಿಲ್ಲದವರು. ‘ಇದನ್ನೊಂದು ಸಲ ಕೇಳ್ರಿ’ ಎಂದು ಧ್ವನಿ ಹಚ್ಚಿದೆ.

ಶೇಖರಪ್ಪ ಪೂರ್ತಿ ಕೇಳಲೂ ಇಲ್ಲ. ಟವಲ್ ಹೊದೆಸಿದ ಮಾತು ಬರುತ್ತಲೇ ಅವರ ಮುಖ ಬಾಡಿತು. ‘ಬರೀ ಕೈಲೆ ಎತ್ಯಾರೇನ್ರೀ ಮೇಡಮ್ಮೋರೆ? ಆ ಕೆರಿಯಪ್ಪ ಅನ್ನೋರಿಗೆ ಜ್ವರ ಗಿರ ಬಂತೇನ್ರೀ?’ ಎಂದು ಕೇಳಿದರು.

ಲಲಿತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಎಂಜಿನಿಯರ್ ಲ್ಯಾಪ್‌ಟಾಪಿನಿಂದ ತಲೆಯೆತ್ತಿ, ‘ಇದನ್ನ ಉದಾಹರಣೆಯಾಗಿ ಸೇರಿಸ್ತೀವಿ ಮೇಡಂ. ಇವರು ಪ್ರಶ್ನೆ ಕೇಳಿದ ಹಾಗೆ ಕೇಳೋದನ್ನೂ ಅದಕ್ಕೆ ಕಲಿಸಬಹುದು’ ಎಂದರು. ಪ್ರಾಮಾಣಿಕವಾಗಿಯೇ ಹೇಳಿದರು.

‘ಕೇಳೋದನ್ನ ಕಲಿಸ್ತೀರಿ. ಈಗ ಶೇಖರಪ್ಪನವರ ಮುಖ ಯಾಕೆ ಬಾಡ್ತು, ಅದನ್ನ ಕಲಿಸ್ತೀರಾ?’ ಎಂದೆ.

ಆಮೇಲೆ ಚೀಲದಿಂದ ನನ್ನ ಹರಟೆ ಪುಸ್ತಕ ತೆಗೆದೆ. ಎರಡು ವರ್ಷದ ಹಿಂದಿನ ಒಂದು ಪುಟಕ್ಕೆ ಗುರುತು ಇಟ್ಟುಕೊಂಡು ಬಂದಿದ್ದೆ. ‘ಲಲಿತಾ, 4.10. ಊರಲ್ಲಿ ಮಂಗನ ಸಂಸ್ಕಾರ, ಹನ್ನೊಂದಕ್ಕೆ ಊಟ. ಮುಟ್ಟಿದವರು ನಾಲ್ವರು.’ ಅದರ ಕೆಳಗೇ, ‘5.40. ಪುಡಿ ಹಾಕಿ ಆಯ್ತು. ನಾಲ್ವರಿಗೂ ಬಿಸಿನೀರು, ಸೋಪಿನ ಸ್ನಾನ, ಬಟ್ಟೆ ಕುದಿಸಿದ್ದು. ನಾಳೆ ದೇಹ ತೆಗೆಸಲು ಪಶುವೈದ್ಯರಿಗೆ ತಿಳಿಸಿದೆ.’ ಅದೇ ಹೆಂಗಸು, ಅದೇ ಊರು, ಅದೇ ಮಾತು. ಅವಳು ಹೇಳುವ ರೀತಿ ಬದಲಾಗಿರಲಿಲ್ಲ. ಕೇಳುವವರು ಬದಲಾಗಿದ್ದೆವು. ಅಂದು ಯಾರಿಗೂ ಜ್ವರ ಬರಲಿಲ್ಲ.

ಅಧಿಕಾರಿ ಪುಟವನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ‘ಸರಿ ಮೇಡಂ, ಒಪ್ಪಿದೆ. ಆದರೆ ಯಾರ ಮೇಲಾದರೂ ಜವಾಬ್ದಾರಿ ನಿಗದಿ ಆಗ್ಬೇಕಲ್ಲ. ಕಂಪ್ಯೂಟರಿಗೆ ಮೆಮೊ ಕೊಡೋಕಾಗುತ್ತಾ?’ ಎಂದು ನಕ್ಕರು.

‘ಆಗಲ್ಲ ಸರ್. ಮೆಮೊ ತಗೊಳ್ಳೋಕೆ ಆಗದೇ ಇರೋದು ಅರ್ಥವಾಯಿತು ಅಂತ ಹೇಳ್ಬಾರದು. ಆ ಮಾತನ್ನ ಅದರ ಬಾಯಿಂದ ತೆಗೆಸ್ರಿ. ದಾಖಲಾಯಿತು ಅನ್ಲಿ ಸಾಕು. ಇನ್ನು ಮೆಮೊ ಕೊಡ್ಲೇಬೇಕು ಅಂದ್ರೆ ನನಗೆ ಕೊಡ್ರಿ, ಹಸಿರು ನೋಡಿ ಬಸ್ ಹತ್ತಿದೋಳು ನಾನು’ ಎಂದು, ಬರೆದು ತಂದಿದ್ದ ಹೇಳಿಕೆಯನ್ನು ಮೇಜಿನ ಮೇಲಿಟ್ಟೆ. ಅದರಲ್ಲಿ ಒತ್ತದೆ ಬಿಟ್ಟ ಆ ಗುಂಡಿಯ ವಿಷಯವೂ ಇತ್ತು. ನನಗೆ ಮೆಮೊ ಬರಲಿಲ್ಲ. ಕೊಟ್ಟಿದ್ದರೆ ಒಳ್ಳೆಯದಿತ್ತು ಎಂದು ಈಗಲೂ ಅನ್ನಿಸುತ್ತದೆ.

ಎಂಜಿನಿಯರ್ ಹೇಳಿದ್ದಂತೆಯೇ ಆ ಉದಾಹರಣೆಯನ್ನು ಯಂತ್ರಕ್ಕೆ ಸೇರಿಸಿದರು. ಒಂದು ತಿಂಗಳಿಗೆ ಹನುಮ ಜಯಂತಿ ಬಂತು. ಇನ್ನೊಂದು ಊರಿನ ಕಾರ್ಯಕರ್ತೆ, ಗುಡಿಯಲ್ಲಿ ಹೂವಿನ ಅಲಂಕಾರ, ಊರಿಗೆಲ್ಲ ಊಟ ಎಂದು ಹೇಳಿದ್ದಕ್ಕೆ ನನ್ನ ಫೋನು ಕೆಂಪಾಗಿ ಕೂಗಿಕೊಂಡಿತು: ‘ಕೋತಿ ಸಾವು ಶಂಕೆ. ತುರ್ತು ಕ್ರಮ.’ ಪುಡಿ ಹೊತ್ತುಕೊಂಡು ಹೋದ ನಮ್ಮ ಸಿಬ್ಬಂದಿ ಪಂಕ್ತಿಯಲ್ಲಿ ಕೂತು ಪಾಯಸ ಉಂಡು ಬಂದರು. ನಗುವ ವಿಷಯವೇ. ಆದರೆ ಹೀಗೆ ಮೂರು ಸಲ ಓಡಿಸಿದ ಮೇಲೆ ನಾಲ್ಕನೇ ಕೆಂಪಿಗೆ ಯಾರು ಓಡುತ್ತಾರೆ ಎಂದು ಯೋಚಿಸಿದಾಗ ನನಗೆ ನಗು ಬರಲಿಲ್ಲ. ಮೊದಲು ಸಾವನ್ನು ಹಬ್ಬ ಎಂದಿತು, ಆಮೇಲೆ ಹಬ್ಬವನ್ನು ಸಾವು ಎಂದಿತು. ಎರಡು ಸಲವೂ ಅದೇ ಇಂಪು ದನಿಯಲ್ಲಿ ಅರ್ಥವಾಯಿತು ಎಂದಿತು.

ಕಂಪ್ಯೂಟರ್ ಯೋಚಿಸುತ್ತದೆಯೇ, ಭಾಷೆ ಅದಕ್ಕೆ ನಿಜವಾಗಿ ತಿಳಿಯುತ್ತದೆಯೇ ಎಂದು ದೊಡ್ಡವರು ವಾದ ಮಾಡುತ್ತಿರುತ್ತಾರೆ. ಪತ್ರಿಕೆಯಲ್ಲಿ ಬಂದರೆ ನಾನೂ ಓದುತ್ತೇನೆ. ಮುಂದೆ ಏನಾಗುತ್ತದೋ ನನಗೆ ತಿಳಿಯದು, ಇನ್ನೂ ಚೆನ್ನಾಗಿ ಮಾತಾಡುವ ಯಂತ್ರಗಳು ಬಂದೇ ಬರುತ್ತವೆ. ಮೂವತ್ತೆಂಟು ವರ್ಷದ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಒಬ್ಬರ ಮಾತು ಅರ್ಥವಾದರೆ ಕೇಳಿದವರ ಎದೆಯಲ್ಲಿ ಏನಾದರೂ ಅಲುಗಬೇಕು, ಅಲ್ಲಿಂದ ಮುಂದಿನ ಪ್ರಶ್ನೆ ಏಳಬೇಕು, ತಪ್ಪಿದರೆ ಅದರ ಹೊರೆ ಕೇಳಿದವರ ತಲೆಯ ಮೇಲೆ ಬರಬೇಕು. ಈ ಮೂರೂ ಇಲ್ಲದ ಅರ್ಥವಾಯಿತು ಎಂಬ ಮಾತು ಬರೀ ಸುಳ್ಳು. ಆ ಸುಳ್ಳನ್ನು ಯಂತ್ರ ಹೇಳಲಿಲ್ಲ, ಅದಕ್ಕೆ ಸುಳ್ಳೂ ತಿಳಿಯದು, ನಿಜವೂ ತಿಳಿಯದು. ಅದರ ಬಾಯಲ್ಲಿ ಹೇಳಿಸಿದವರು ಮನುಷ್ಯರು. ನನ್ನ ಸಿಟ್ಟು ಅವರ ಮೇಲೆ, ಮತ್ತು ಕೇಳುವ ಕೆಲಸವನ್ನು ಬಿಟ್ಟುಕೊಟ್ಟು ಹಗುರಾದ ನನ್ನ ಮೇಲೆ.

ಲಲಿತಮ್ಮನ ಮೆಮೊ ವಾಪಸಾದದ್ದು ಎರಡು ತಿಂಗಳ ನಂತರ. ಒಂದೇ ಸಾಲಿನ ಆದೇಶ. ತಪ್ಪಾಯಿತು ಎಂದು ಅದರಲ್ಲೆಲ್ಲೂ ಇರಲಿಲ್ಲ. ಆದೇಶ ತಲುಪಿದ್ದನ್ನು ಅದೇ ಆ್ಯಪ್‌ನಲ್ಲಿ ಹೇಳಿ ಖಚಿತಪಡಿಸಬೇಕೆಂಬ ಸೂಚನೆ ಮಾತ್ರ ಇತ್ತು. ಆ ದಿನ ನಾಲ್ಕು ಗಂಟೆಗೆ ಅವಳು ನನಗೆ ಫೋನ್ ಮಾಡಿದಳು. ವಿಚಾರಣೆಯ ಮಾರನೆಯ ದಿನದಿಂದಲೇ ಆ ಫೋನ್‌ಗಳನ್ನು ನಾನು ಮತ್ತೆ ಶುರುಮಾಡಿದ್ದೆ, ಯಾರನ್ನೂ ಕೇಳಲಿಲ್ಲ.

‘ಹೇಳ್ದೆ ಸಿಸ್ಟರ್ ಅದಕ್ಕೆ’ ಎಂದಳು. ‘ಆದೇಶ ಸಿಕ್ತು ಅಂದೆ. ಸುಮ್ನೆ ಇರಕ್ಕೆ ಆಗ್ಲಿಲ್ಲ, ನಂಗೆ ಬಾಳ ನೋವಾಗೈತೆ, ಕೆರಿಯಪ್ಪಣ್ಣನ ಹೆಂಡ್ತಿ ಇನ್ನೂ ನನ್ನ ಮಾತಾಡ್ಸಲ್ಲ ಅಂತನೂ ಅಂದೆ.’

‘ಏನಂತು?’

‘ನಿಮ್ಮ ಮಾತು ಅರ್ಥವಾಯಿತು, ಧನ್ಯವಾದ ಅಂತು.’

ನಾನು ಪುಸ್ತಕ ಮುಚ್ಚಿದೆ. ‘ರಾತ್ರಿ ನಿದ್ದೆ ಬರ್ತದಾ ಲಲಿತಾ ನಿಂಗೆ?’ ಎಂದು ಕೇಳಿದೆ.

‘ಇಲ್ಲ ಸಿಸ್ಟರ್’ ಎಂದಳು.